ಯಂತ್ರಕ್ಕೆ ಹತ್ತು ವರ್ಷ ಆಯುಸ್ಸು

ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿಯನ್ನು ಮಾರಿಬಿಡುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಒಂಬತ್ತು ವರ್ಷ ಅದನ್ನು ನಡೆಸಿದವಳು ಸೊಸೆ. ವರ್ಷದ ಕೊನೆಗೆ ಬಂದ ಹಣವನ್ನು ಒಂದು ಕಡೆ, ಹೋದ ಹಣವನ್ನು ಇನ್ನೊಂದು ಕಡೆ ಕೂಡಿ ನೋಡಿದಾಗ ನಲವತ್ತೆಂಟು ಸಾವಿರ ಕಡಿಮೆ ಬಿದ್ದಿತ್ತು.

"ಮರ ಕೊಯ್ದಿದ್ದು ನೀನು, ಹೊಟ್ಟು ಉಳಿದಿದ್ದು ನಮಗೆ," ಎಂದರು ಅತ್ತೆ.

ಕೊಳ್ಳಲು ಬಂದವರು ಎದುರಿನ ಗಾಜಿನಂಗಡಿಯ ಯಜಮಾನರು. ಅವಳಿಗೆ ಗಾಜು ಕೊಡುತ್ತಿದ್ದವರೂ ಅವರೇ. ಅವರ ಅಂಗಡಿಯಲ್ಲಿ ಜಾಗ ಸಾಲದೆ ದೊಡ್ಡ ಗಾಜಿನ ಹಾಳೆಗಳು ಗೋಣಿ ಸುತ್ತಿಕೊಂಡು ಹೊರಗಿನ ಗೋಡೆಗೆ ಒರಗಿ ನಿಲ್ಲುತ್ತಿದ್ದವು. ಆ ವರ್ಷ ಎರಡು ಒಡೆದಿದ್ದವು. ಅವರಿಗೆ ಬೇಕಾಗಿದ್ದದ್ದು ಅವಳ ಅಂಗಡಿಯ ಹಿಂದಿನ ಕೋಣೆ.

"ಬೆಲೆ ಹೇಳೋಕೆ ಮುಂಚೆ ಒಂದು ವರ್ಷದ ಲೆಕ್ಕ ನೋಡ್ಬೇಕಮ್ಮ," ಎಂದರು.

ಅವಳು ದಿಂಬಿನ ಗವಸೊಂದನ್ನು ತಂದು ಮರ ಕತ್ತರಿಸುವ ಮೇಜಿನ ಮೇಲೆ ಬೋರಲು ಹಾಕಿದಳು. ರಸೀದಿ, ಚೀಟಿ, ಸಿಗರೇಟು ಪ್ಯಾಕಿನ ಹಿಂದೆ ಬರೆದ ಅಳತೆ ಎಲ್ಲವೂ ಉದುರಿದವು.

"ಇದು ಲೆಕ್ಕ ಅಲ್ಲ ತಾಯಿ, ಹಕ್ಕಿ ಗೂಡು."

"ಹಾಗೇ ತಗೊಳ್ಳಿ. ಹೇಗಿದ್ರೂ ನಷ್ಟದ ಅಂಗಡಿ."

"ಅದನ್ನ ಪುಸ್ತಕ ಹೇಳ್ಬೇಕು, ನೀನಲ್ಲ."

ಮರುದಿನ ಅವರು ಉದ್ದ ಗೆರೆಗಳ ಪುಸ್ತಕವೊಂದನ್ನು ತಂದರು. ಸುಮಾರು ಎರಡು ವಾರ, ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಒಂದು ಗಂಟೆ, ಪಾಠ ನಡೆಯಿತು. ಬರೆಯುವವಳು ಅವಳೇ. ಅವರು ಪೆನ್ನು ಮುಟ್ಟಲಿಲ್ಲ. ತಪ್ಪಿದರೆ ಅಳಿಸಲು ಬಿಡುತ್ತಿರಲಿಲ್ಲ. ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು. "ತಪ್ಪು ಕಾಣ್ತಾ ಇರ್ಲಿ. ಮುಚ್ಚಿಟ್ರೆ ಅದೇ ನಾಳೆ ಮರಿ ಹಾಕುತ್ತೆ."

ಹದಿಮೂರನೆಯ ದಿನ ಅವರು ಒಂದು ಸಾಲಿನ ಮೇಲೆ ಬೆರಳಿಟ್ಟರು. ಅದೇ ವರ್ಷ ಕೊಂಡ, ಕಟ್ಟಿನ ಮೂಲೆ ಕತ್ತರಿಸುವ ಯಂತ್ರ, ಒಂದೂವರೆ ಲಕ್ಷ.

"ಇದು ಎಷ್ಟು ವರ್ಷ ಬಾಳುತ್ತೆ?"

"ಹತ್ತು ವರ್ಷಕ್ಕೆ ಮೋಸ ಇಲ್ಲ ಅಂದ, ಮಾರಿದವನು."

"ಮತ್ತೆ ಹತ್ತು ವರ್ಷದ ಹೊರೆನ ಒಂದೇ ವರ್ಷದ ತಲೆ ಮೇಲೆ ಯಾಕೆ ಹೊರಿಸಿದ್ದೀಯ? ಈ ವರ್ಷದ ಪಾಲು ಹದಿನೈದು ಸಾವಿರ ಅಷ್ಟೆ."

ಅವಳು ಗೆರೆ ಎಳೆದು ತಿದ್ದಿದಳು. ನಲವತ್ತೆಂಟು ಸಾವಿರದ ನಷ್ಟ ಹೋಗಿ ಎಂಬತ್ತೇಳು ಸಾವಿರ ಉಳಿಯಿತು. ಎರಡನೆಯ ಸಲ ಕೂಡಿದಳು. ಅಷ್ಟೇ ಬಂತು.

"ಕುಣೀಬೇಡ, ಇನ್ನೂ ಇದೆ. ಈ ಹಾಲು, ಅತ್ತೆಯ ಕನ್ನಡಕ, ಮಗಳ ಶಾಲೆ ಫೀಸು, ಇದೆಲ್ಲ ಅಂಗಡಿ ಖರ್ಚಾ?"

"ಗಲ್ಲಾದಿಂದಲೇ ತೆಗೆದಿದ್ದು."

"ಗಲ್ಲಾ ಒಂದೇ ಆದ್ರೆ ಮನೆ, ಅಂಗಡಿ ಒಂದೇ ಆಗುತ್ತಾ?"

ಮನೆಗೆ ಹೋದದ್ದು ತಿಂಗಳಿಗೆ ಎಂಟು ಸಾವಿರದ ಲೆಕ್ಕದಲ್ಲಿ ತೊಂಬತ್ತಾರು ಸಾವಿರ. ಅದನ್ನೂ ಅಂಗಡಿಯ ಖರ್ಚಿನಿಂದ ತೆಗೆದಾಗ ಲಾಭ ಒಂದು ಲಕ್ಷ ಎಂಬತ್ತಮೂರು ಸಾವಿರವಾಯಿತು.

"ಈಗ ನಿನ್ನ ಸಂಬಳ ಬರಿ."

"ನನಗೆ ಯಾರ್ ಕೊಡ್ತಾರೆ ಸಂಬಳ?"

"ನಿನ್ನ ಕೆಲಸಕ್ಕೆ ಬೇರೆಯವರನ್ನ ಇಟ್ಕೊಂಡ್ರೆ ಏನು ಕೊಡ್ತೀಯ?"

ಅವಳು ಬೆರಳು ಮಡಿಸಿ ಎಣಿಸಿ, ತಿಂಗಳಿಗೆ ಹನ್ನೆರಡು ಸಾವಿರ ಎಂದಳು. ಒಂಬತ್ತು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಒಂದು ಲಕ್ಷ ನಲವತ್ತನಾಲ್ಕು ಸಾವಿರ ಕಳೆದ ಮೇಲೂ ಮೂವತ್ತೊಂಬತ್ತು ಸಾವಿರ ಮಿಕ್ಕಿತು.

ಯಜಮಾನರು ಜೇಬಿನಿಂದ ಮಡಿಸಿದ ಚೀಟಿಯೊಂದನ್ನು ತೆಗೆದು ತೋರಿಸಿದರು. ಅದರಲ್ಲಿ ಎರಡು ಲಕ್ಷ ಎಂದಿತ್ತು.

"ಇದು ನಷ್ಟದ ಅಂಗಡಿಗೆ ಬರೆದ ಬೆಲೆ. ಲಾಭದ ಅಂಗಡಿ ಕೊಳ್ಳೋ ತಾಕತ್ತು ನನಗಿಲ್ಲ," ಎಂದು ಅದನ್ನು ಹರಿದು ಹೊಟ್ಟಿನ ಬುಟ್ಟಿಗೆ ಹಾಕಿದರು.

"ಗೊತ್ತಿದ್ದೂ ಕಲಿಸಿದ್ರಾ?"

"ಯಂತ್ರದ ಸಾಲು ಮೊದಲ ವಾರವೇ ಕಣ್ಣಿಗೆ ಬಿತ್ತು. ಆಮೇಲೆ ಬಾಯಿ ಮುಚ್ಕೊಂಡು ಕೊಂಡಿದ್ರೆ, ದಿನಾ ಎದುರಂಗಡಿ ಬಾಗಿಲು ತೆಗೆಯೋವಾಗ ಮುಖ ಎಲ್ಲಿಡ್ಲಿ?"

ಅವಳು ಎದ್ದು ಹಿಂದಿನ ಕೋಣೆಯ ಬಾಗಿಲು ತೆಗೆದಳು. ಅರ್ಧ ಜಾಗದಲ್ಲಿ ಮರದ ಪಟ್ಟಿಗಳಿದ್ದವು. ಉಳಿದರ್ಧ ಖಾಲಿ.

"ನಿಮ್ಮ ಹಾಳೆಗಳು ಇಲ್ಲಿರ್ಲಿ. ಬಾಡಿಗೆ ಬೇಡ."

"ಹದಿನಾಲ್ಕು ದಿನ ಹೇಳ್ಕೊಟ್ಟಿದ್ದೆಲ್ಲ ನೀರು ಪಾಲಾಯ್ತು," ಎಂದು ಅವರು ಹಣೆ ಚಚ್ಚಿಕೊಂಡರು. "ತಿಂಗಳಿಗೆ ಎರಡು ಸಾವಿರ. ಬರಿ."

"ಒಂದೂವರೆ."

"ಬಾಡಿಗೆ ಇಳಿಸೋ ಮನೆಯೊಡತಿನ ಇವತ್ತೇ ನೋಡಿದ್ದು."

"ಹದಿಮೂರೇ ದಿನ ಆಗಿರೋದು, ಯಜಮಾನ್ರೇ. ಲೆಕ್ಕ ತಪ್ಪಿದ್ರಿ," ಎಂದಳು ಅವಳು. ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು.

ಸಂಜೆ ಪುಸ್ತಕವನ್ನು ಮನೆಗೆ ಒಯ್ದು ಅತ್ತೆಯ ಮುಂದೆ ತೆರೆದಿಟ್ಟಳು. ಅಂಗಡಿಯೇ ಕೊಡಿಸಿದ ಕನ್ನಡಕ ಹಾಕಿಕೊಂಡು ಅತ್ತೆ ಗೆರೆ ಎಳೆದ ಸಾಲುಗಳನ್ನೂ ಬಿಡದೆ ಕೊನೆಯವರೆಗೆ ಓದಿದರು.

"ಸಂಬಳ ಹನ್ನೆರಡು ಸಾವಿರ ಕಡಿಮೆ ಆಯ್ತು," ಎಂದರು. "ಇಷ್ಟಕ್ಕೆ ನಿನ್ನಂಥವಳು ಸಿಗ್ತಾಳಾ?"