ವಾಸನೆ ಹೋದ ಮೇಲೆ

"ಕೈ ತೆಗೆಯೇ ಮೂದೇವಿ, ಅದೇನು ನಿನ್ನ ಮನೆ ಹಿಟ್ಟಾ?"

ಇಂಜಿನಿಯರ್ ಹಾಗೆ ಬೈದಾಗ ನನ್ನ ಮುಷ್ಟಿಯಲ್ಲಿ ತೊಟ್ಟಿಯಿಂದ ಮೊಗೆದ ಮರದ ತಿರುಳಿತ್ತು. ಈ ರಟ್ಟಿನ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷದಿಂದ ನನ್ನ ಕೆಲಸ ಅದೇ. ಅರೆದ ಮರದ ನಾರು ನೀರಿನಲ್ಲಿ ತೇಲಿಕೊಂಡು ತೊಟ್ಟಿಯಿಂದ ಕೊಳವೆಗೆ, ಕೊಳವೆಯಿಂದ ಯಂತ್ರಕ್ಕೆ ಹರಿಯಬೇಕು. ಹಿಂಡಿದಾಗ ಬೆರಳ ಸಂದಿಯಿಂದ ನೀರು ಇಳಿಯುವ ರೀತಿ ನೋಡಿಯೇ ಅದು ಹರಿಯುತ್ತದೋ ಕಟ್ಟಿಕೊಳ್ಳುತ್ತದೋ ಹೇಳಬಲ್ಲೆ. ಜಂಬದ ಮಾತಲ್ಲ, ಉಗುರು ಕೊಳೆಸಿಕೊಂಡು ಕಲಿತದ್ದು.

"ಗಟ್ಟಿ ಆಗಿದೆ ಸಾರ್. ನೀರು ಬಿಡ್ಸಿ. ನಾರಿಗೆ ನಾರು ಹೆಣ್ಕೊಂಡು ಕೊಳವೆ ಬಾಯಲ್ಲಿ ಕೂತುಬಿಡುತ್ತೆ."

"ಮೀಟರು ಸರಿ ಅಂತಿದೆ. ನಿನ್ನ ಹೊಲಸು ಕೈ ಕೇಳ್ಕೊಂಡು ಕಾರ್ಖಾನೆ ನಡೆಸ್ಬೇಕಾ?"

ಮಧ್ಯಾಹ್ನದೊಳಗೆ ಕಟ್ಟಿಕೊಂಡಿತು. ಪಂಪು ನೀರನ್ನಷ್ಟೇ ಹೀರಿ ನಾರನ್ನು ಅಲ್ಲೇ ಬಿಟ್ಟಿತು. ಕಲಕುವ ರೆಕ್ಕೆ ಸಿಕ್ಕಿಕೊಂಡು ಮುರಿಯಿತು. ಹೊಸ ರೆಕ್ಕೆ ಬರಲು ಮೂರು ದಿನ ಹಿಡಿಯಿತು; ಅಷ್ಟೂ ದಿನ ತಿರುಳು ನಿಂತಲ್ಲೇ ಕೊಳೆಯಿತು. ಅಂಗಳದವರೆಗೂ ಕೊಳೆತ ಮೊಟ್ಟೆಯ ನಾತ.

ನಾಲ್ಕನೆಯ ದಿನ ಬೆಳಿಗ್ಗೆ ನನ್ನ ಮೈದುನನ ಕೈಗೆ ಹಾರೆ ಕೊಟ್ಟು, ತೊಟ್ಟಿಗಿಳಿದು ಕೊಳವೆಯ ಬಾಯಿ ಬಿಡಿಸು ಅಂದ ಇಂಜಿನಿಯರ್. ಅವನು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಮೇಲಿನ ಕಿಂಡಿಗೆ ಬಗ್ಗಿ, ಏಣಿ ಸರಿಮಾಡುತ್ತಾ ಒಂದಿಷ್ಟು ಹೊತ್ತು ಒದ್ದಾಡಿದ. ಆಮೇಲೆ ಬಟ್ಟೆ ಬಿಚ್ಚಿ ನಕ್ಕ.

"ಅತ್ತಿಗೆ, ಆಗಲೇ ಕರುಳು ಬಾಯಿಗೆ ಬಂದಿತ್ತು. ಈಗ ನೋಡು, ವಾಸನೆನೇ ಇಲ್ಲ."

ಏಳು ವರ್ಷದ ಹಿಂದೆ ಇದೇ ತೊಟ್ಟಿಯೊಳಗಿಂದ ನನ್ನಪ್ಪ ಕೂಗಿ ಹೇಳಿದ್ದೂ ಅದೇ: ವಾಸನೆ ಹೋಯ್ತು ಮಗಳೇ. ವಾಸನೆ ಎಲ್ಲಿಗೂ ಹೋಗಿರಲಿಲ್ಲ, ಅಪ್ಪನ ಮೂಗು ಸತ್ತಿತ್ತು. ಇನ್ನೆರಡು ಮೆಟ್ಟಿಲು ಇಳಿಯುವಷ್ಟರಲ್ಲಿ ಅಪ್ಪನೂ ಸತ್ತ.

"ಇಳೀಬೇಡ. ವಿಷದ ಗಾಳಿ ಜಾಸ್ತಿಯಾದಾಗಲೇ ವಾಸನೆ ಗೊತ್ತಾಗಲ್ಲ. ಸಾರ್, ನನ್ನಪ್ಪ ಹೀಗೇ ಹೋದ."

"ನಿನ್ನಪ್ಪ ಕುಡಿದು ಬಿದ್ದ. ರಿಪೋರ್ಟಲ್ಲಿ ಹಾಗೇ ಇದೆ."

ಅಪ್ಪ ಹುಟ್ಟಿದಾಗಿನಿಂದ ಹೆಂಡ ಮುಟ್ಟಿದವನಲ್ಲ. ಏಣಿಗೆ ಕಾಲಿಟ್ಟಿದ್ದ ಮೈದುನನ ಅಂಗಿ ಹಿಡಿದು ಆಚೆಗೆಳೆದೆ. ಏಣಿಯನ್ನು ಒಳಕ್ಕೆ ನೂಕಿದೆ. ಕಬ್ಬಿಣದ ಮುಚ್ಚಳ ಎಳೆದು ಹಾಕಿ ಅದರ ಮೇಲೆ ಚಕ್ಕಂಬಕ್ಕಳ ಹಾಕಿ ಕೂತೆ.

"ಎದ್ದೇಳೇ ಬೋಸುಡಿ."

"ವಾಸನೆ ಇಲ್ವಲ್ಲ ಸಾರ್. ನೀವೇ ಬಂದು ತಲೆ ಒಳಗಿಡಿ, ಏಳ್ತೀನಿ."

ಸುತ್ತ ನಿಂತ ಹನ್ನೆರಡು ಜನರಲ್ಲಿ ಯಾರೋ ಕಿಸಕ್ಕೆಂದರು. ಇಂಜಿನಿಯರ್ ಮುಖ ಕೆಂಪಾಯಿತು. ಅವನು ಮೇಸ್ತ್ರಿಗೆ ಹೇಳಿಕಳಿಸಿದ. ಮೇಸ್ತ್ರಿ ಅಂದರೆ ನನ್ನ ಗಂಡ. ಸಾಹೇಬರ ಮುಂದೆ ಒಂದು ದಿನವೂ ತಲೆ ಎತ್ತಿದವನಲ್ಲ.

"ನಿನ್ನ ಹೆಂಡ್ತೀನ ಎಬ್ಬಿಸು. ನಿನ್ನ ತಮ್ಮನ್ನ ಇಳಿಸು. ಆಗಲ್ಲ ಅಂದ್ರೆ ನೀವು ಮೂರು ಜನಾನೂ ಈಗಲೇ ಗೇಟಿನಾಚೆ."

ಗಂಡ ಬಂದು ನನ್ನ ರಟ್ಟೆ ಹಿಡಿದ.

"ಏಳೇ. ಮನೆ ಬಾಡಿಗೆ, ಅಮ್ಮನ ಔಷಧಿ, ಎಲ್ಲ ಮರ್ತ್ಯಾ?"

"ಮರೆತಿಲ್ಲ. ಬೇಕಾದ್ರೆ ಎಳೆದು ಎಬ್ಬಿಸು. ಆದ್ರೆ ಹೆಣ ಮೇಲೆತ್ತೋಕೆ ಅವನ ಸೊಂಟಕ್ಕೆ ಹಗ್ಗ ನೀನೇ ಕಟ್ಟಬೇಕು. ಆಮೇಲೆ ಅಮ್ಮನಿಗೂ ನೀನೇ ಹೇಳ್ಬೇಕು."

ಗಂಡ ತಮ್ಮನ ಕಡೆ ನೋಡಿದ. ಹುಡುಗಾಟದ ಮುಖದಲ್ಲಿ ಈಗ ನಗು ಇರಲಿಲ್ಲ. ಮೂಗು ಉಜ್ಜಿಕೊಳ್ಳುತ್ತಾ, ವಾಸನೆಗಾಗಿ ಮತ್ತೆ ಮತ್ತೆ ಉಸಿರೆಳೆದು ನೋಡುತ್ತಿದ್ದ. ಅಷ್ಟರಲ್ಲಿ ಇಬ್ಬರು ಉಗ್ರಾಣದಿಂದ ಇನ್ನೊಂದು ಏಣಿ ಹೊತ್ತು ತಂದರು.

ಗಂಡನ ಕೈ ನನ್ನ ರಟ್ಟೆಯ ಮೇಲೇ ಇದೆ. ಎಳೆಯುತ್ತಲೂ ಇಲ್ಲ, ಬಿಡುತ್ತಲೂ ಇಲ್ಲ. ನಾನು ಎರಡೂ ಕೈಯಲ್ಲಿ ಮುಚ್ಚಳದ ಹಿಡಿ ಬಿಗಿಹಿಡಿದು ಕೂತಿದ್ದೇನೆ.