ಮಾತ್ರೆ ಕರಗುವ ತನಕ

ನನ್ನ ಬಾಯಿ ಸುಮ್ಮನಿರುವುದನ್ನು ನೋಡಬೇಕಾದರೆ ಆಸ್ಪತ್ರೆಗೇ ಬರಬೇಕು. ಅಲ್ಲಿ ದಿನಾ ಬೆಳಿಗ್ಗೆ ನರ್ಸಮ್ಮ ನನ್ನ ನಾಲಿಗೆ ಕೆಳಗೆ ಒಂದು ಮಾತ್ರೆ ಇಡಿಸುತ್ತಾಳೆ. ಅದು ಕರಗುವ ತನಕ ಮಾತಾಡುವಂತಿಲ್ಲ, ಉಗುಳು ನುಂಗುವಂತಿಲ್ಲ. ಹೊಟ್ಟೆಗೆ ಹೋದರೆ ಆ ಮಾತ್ರೆ ದಂಡ. ನಾಲಿಗೆ ಕೆಳಗಿನಿಂದಲೇ ರಕ್ತಕ್ಕೆ ಸೇರಬೇಕು. ಇದನ್ನು ಕೇಳಿ ನಮ್ಮ ಅತ್ತಿಗೆಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮನೆಗೂ ನಾಲ್ಕು ಕಳಿಸಿಕೊಡಲಿ, ಊಟದ ಹೊತ್ತಿಗೆ ಬೇಕಾಗುತ್ತದೆ ಎಂದಳು.

ನಾನು ಅಣ್ಣನ ಬೇಕರಿಯಲ್ಲಿ ಭಟ್ಟಿ ನೋಡಿಕೊಳ್ಳುವವಳು. ಮೈದಾ ಮೂಟೆ ಎತ್ತಲು ಹೋಗಿ ಬಿದ್ದು ಬೆನ್ನು ಮುರಿದುಕೊಂಡೆ. ಆಪರೇಷನ್ ಆಯಿತು. ನೋವಿಗೆಂದು ಕೊಟ್ಟ ಮಾತ್ರೆ ನೋವು ಹೋದ ಮೇಲೂ ನನ್ನನ್ನು ಬಿಡಲಿಲ್ಲ. ಅದು ಸಿಗದ ದಿನ ಮೈಯೆಲ್ಲ ನಡುಕ, ಕಣ್ಣು ಮೂಗಿನಲ್ಲಿ ನೀರು, ಹೊಟ್ಟೆಯನ್ನು ಯಾರೋ ಬಟ್ಟೆ ಹಿಂಡಿದಂತೆ ಹಿಂಡುವುದು. ಹಠ ಮಾಡಿ ಮಾತ್ರೆ ಬಿಟ್ಟೆ. ಸ್ವಲ್ಪ ದಿನ ಬಿಟ್ಟವಳು ತಡೆಯಲಾರದೆ ಮತ್ತೆ ಮೊದಲಿನಷ್ಟೇ ನುಂಗಿದೆ. ಅಷ್ಟರಲ್ಲಿ ಮೈಗೆ ಅದನ್ನು ತಡೆಯುವ ಅಭ್ಯಾಸ ತಪ್ಪಿಹೋಗಿತ್ತು. ಭಟ್ಟಿಯ ಮುಂದೆ ಉಸಿರು ನಿಂತು ನೀಲಿಯಾಗಿ ಬಿದ್ದಿದ್ದೆನಂತೆ. ಹಿಟ್ಟಿನ ಕೈಯಲ್ಲೇ ನನ್ನನ್ನು ಎತ್ತಿಕೊಂಡು ಓಡಿದವನು ಅಣ್ಣ.

ಆಮೇಲೆ ಚಟ ಬಿಡಿಸುವ ಔಷಧಿಗೆಂದು ಆಸ್ಪತ್ರೆಯವರು ನಡೆಸುತ್ತಿದ್ದ ಈ ಪ್ರಯೋಗಕ್ಕೆ ಸೇರಿದೆ. ಇಲ್ಲಿಯ ಮಾತ್ರೆ ಮೈಯೊಳಗೆ ಹಳೆಯ ಮಾತ್ರೆ ಕೂರುತ್ತಿದ್ದ ಜಾಗದಲ್ಲಿ ತಾನು ಕೂತು ಬಾಗಿಲು ಹಾಕಿಕೊಳ್ಳುತ್ತದೆ. ಅಮಲು ಏರುವುದಿಲ್ಲ, ಚಡಪಡಿಕೆಯೂ ಇಲ್ಲ. ಆರು ತಿಂಗಳಾದ ಮೇಲೆ ಅರ್ಧ ಜನಕ್ಕೆ ಅದನ್ನು ಕಡಿಮೆ ಮಾಡುತ್ತಾ ನಿಲ್ಲಿಸುವುದು, ಉಳಿದವರಿಗೆ ಮುಂದುವರಿಸುವುದು, ಯಾರು ಹೆಚ್ಚು ಚೆನ್ನಾಗಿರುತ್ತಾರೆ ಎಂದು ನೋಡುವುದು. ಯಾರಿಗೆ ಯಾವ ಗುಂಪು ಎಂದು ಚೀಟಿ ಎತ್ತುವುದು ಕಂಪ್ಯೂಟರು. ನನಗೆ ಮುಂದುವರಿಸುವ ಗುಂಪು ಬಂತು.

ಅಣ್ಣ ಅದನ್ನು ಶಾಲೆಯ ಲೆಕ್ಕದಲ್ಲಿ ಅರ್ಥ ಮಾಡಿಕೊಂಡ. ನಿಲ್ಲಿಸಿದವರೆಲ್ಲ ಪಾಸು, ನಾನು ನಪಾಸು. ಚೀಟಿ ಕಣೋ ಎಂದು ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ. ನಾನು ಆಸ್ಪತ್ರೆಯ ಚಟ ಬಿಡಿಸುವ ವಿಭಾಗಕ್ಕೆ ಹೋಗುವುದನ್ನು ಯಾರೋ ಗಿರಾಕಿ ನೋಡಿ ಅಂಗಡಿಯಲ್ಲಿ ಆಡಿಕೊಂಡಿದ್ದರಂತೆ. ಅವಳು ಅದನ್ನೆಲ್ಲ ಬಿಟ್ಟಾಯಿತು ಎಂದು ಅಣ್ಣ ಅವರಿಗೆ ಹೇಳಿಬಿಟ್ಟಿದ್ದ. ಹೇಳಿದ ಮಾತು ಉಳಿಸಿಕೊಳ್ಳಲು ನನ್ನ ಮಾತ್ರೆ ಬಿಡಿಸಬೇಕಾಗಿತ್ತು.

ಮೊನ್ನೆ ನನ್ನ ಹಿಂದೆಯೇ ಆಸ್ಪತ್ರೆಗೆ ಬಂದ. ನಾನು ಆಗಷ್ಟೇ ಮಾತ್ರೆ ಇಟ್ಟುಕೊಂಡು ಕೂತಿದ್ದೆ. ನೆಟ್ಟಗೆ ಡಾಕ್ಟರಮ್ಮನ ಮೇಜಿಗೆ ಹೋಗಿ, ನನ್ನ ತಂಗಿಯ ಹೆಸರು ತೆಗೆಯಿರಿ ಎಂದ. ಆಕೆ ಶಾಂತವಾಗಿ, ಅವರು ತಮ್ಮ ಇಷ್ಟದಿಂದ ಸೇರಿದವರು, ಯಾವಾಗ ಬೇಕಾದರೂ ಬಿಡಬಹುದು, ಆದರೆ ಅವರೇ ಹೇಳಬೇಕು ಎಂದರು.

ಇಡೀ ಕೋಣೆ ನನ್ನ ಕಡೆ ತಿರುಗಿತು. ನಾನು ತಲೆ ಅಡ್ಡಡ್ಡ ಆಡಿಸಿದೆ. ಅಣ್ಣ ನನ್ನನ್ನು ನೋಡುತ್ತಲೇ ಇರಲಿಲ್ಲ.

"ಸುಮ್ಮನೆ ಕೂತಿದ್ದಾಳೆ ನೋಡಿ ಡಾಕ್ಟ್ರೇ," ಎಂದ. "ಹುಟ್ಟಿದಾಗಿನಿಂದ ನನ್ನ ಮಾತಿಗೆ ಎದುರು ಮಾತಾಡದೆ ಇವಳು ಕೂತಿದ್ದಿಲ್ಲ. ಮೌನ ಅಂದ್ರೆ ಒಪ್ಪಿಗೆ ತಾನೆ?"

ಬಾಯಲ್ಲಿ ಮಾತ್ರೆ ಇದೆ, ಸ್ವಲ್ಪ ತಡೆಯಿರಿ ಎಂದಳು ನರ್ಸಮ್ಮ. ಭಟ್ಟಿಯಲ್ಲಿ ಬ್ರೆಡ್ ಇಟ್ಟು ಬಂದಿದ್ದೇನೆ, ತಡೆಯೋಕಾಗಲ್ಲ ಎಂದ ಇವನು. ಆಮೇಲೆ ನನ್ನ ಮುಂದೆ ಬಂದು ನಿಂತ. ಈ ಮಾತ್ರೆ ಬಿಟ್ಟರೆ ಭಟ್ಟಿ ಕೆಲಸ ನನಗೇ ಉಳಿಯುತ್ತದಂತೆ. ಬಿಡದಿದ್ದರೆ ಬೇಕರಿಯ ಮೆಟ್ಟಿಲು ಹತ್ತಬಾರದಂತೆ.

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿ ತುಂಬ ಕಹಿ ನೀರು. ಒಂದೇ ಒಂದು ಮಾತಾಡಿದರೆ ಮಾತ್ರೆ ಗಂಟಲಿಗಿಳಿಯುತ್ತದೆ, ಅವತ್ತಿನ ಔಷಧಿ ಹೋಗುತ್ತದೆ, ಅವನ ಕೆಲಸ ನಾನೇ ಮಾಡಿಕೊಟ್ಟಂತಾಗುತ್ತದೆ. ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಬಾಯಿ ಮುಚ್ಚಿಕೊಂಡೇ ಅವನನ್ನು ದುರುಗುಟ್ಟಿ ನೋಡಿದೆ. ಅವನಿಗೆ ಇನ್ನೂ ಧೈರ್ಯ ಬಂದು, ನಾನು ನಪಾಸಾದ ಕಥೆಯನ್ನು ಪಕ್ಕದಲ್ಲಿ ಕೂತಿದ್ದವರಿಗೆಲ್ಲ ಹೇಳತೊಡಗಿದ.

ಮಾತ್ರೆ ಕರಗಿತು. ನರ್ಸಮ್ಮ ಟಾರ್ಚ್ ಹಾಕಿ ಬಾಯಿ ನೋಡಿದಳು. ಆಯ್ತು, ಇನ್ನು ನಿಮ್ಮಿಷ್ಟ ಎಂದು ಎರಡು ಹೆಜ್ಜೆ ಹಿಂದೆ ಸರಿದಳು. ಬುದ್ಧಿವಂತೆ.

"ಬಿಟ್ಟವರು ಚೆನ್ನಾಗಿರ್ತಾರೋ, ಬಿಡದವರು ಚೆನ್ನಾಗಿರ್ತಾರೋ, ಈ ಡಾಕ್ಟರಮ್ಮನಿಗೇ ಇನ್ನೂ ಗೊತ್ತಿಲ್ಲ," ಎಂದೆ. "ಗೊತ್ತಾಗಲಿ ಅಂತಲೇ ನಮ್ಮನ್ನೆಲ್ಲ ಇಲ್ಲಿ ಕೂರಿಸಿರೋದು. ನಿನಗೆ ಯಾರು ಹೇಳಿದ್ರು? ನನಗೆ ಗೊತ್ತಿರೋದು ಒಂದೇ. ಬರೀ ಹಠದಲ್ಲಿ ಬಿಟ್ಟಾಗ ಏನಾಯ್ತು ಅಂತ. ನೀಲಿಯಾದವಳನ್ನ ಹೊತ್ತುಕೊಂಡು ಓಡಿದವನು ನೀನು. ಮತ್ತೆ ಓಡೋಕೆ ಮನಸ್ಸಿದೆಯಾ?"

ಅಣ್ಣನ ಮುಖ ಸಪ್ಪಗಾಯಿತು. "ಹಾಗಾದ್ರೆ ಸಾಯೋ ತನಕ ತಗೋತೀಯಾ?"

"ತಗೊಂಡರೇನೀಗ? ಸಾಯೋದು ಸ್ವಲ್ಪ ತಡವಾಗುತ್ತೆ, ಅಷ್ಟೇ."

ಯಾರೋ ಕಿಸಕ್ಕೆಂದರು. ಅವನು ಮೆಟ್ಟಿಲು ಹತ್ತಬೇಡ ಎಂದು ಇನ್ನೊಂದು ಸಲ ಹೇಳಿ ಹೊರಟುಹೋದ.

ನಾನು ಮನೆಗೆ ಹೋಗಲಿಲ್ಲ, ನೇರ ಬೇಕರಿಗೇ ನಡೆದೆ. ದಿನಾ ಹಿಂದಿನ ಬಾಗಿಲಿನಿಂದ ಹೋಗುವವಳು ಅವತ್ತು ಮುಂದಿನಿಂದಲೇ, ಗಿರಾಕಿಗಳ ನಡುವೆಯೇ ಹೋದೆ. ಎಲ್ಲರೂ ತಿರುಗಿ ನೋಡಿದರು. ಮೊದಲೇ ಗುಸುಗುಸು ಇದ್ದ ಜನ.

"ನೋವಿನ ಮಾತ್ರೆ ಚಟಕ್ಕೆ ಔಷಧಿ ತಗೊಂಡು ಬರ್ತಾ ಇದ್ದೀನಿ," ಎಂದೆ. "ನಾಳೆನೂ ಹೋಗ್ತೀನಿ. ಕೇಳೋರು ನನ್ನನ್ನೇ ಕೇಳಿ, ಅಣ್ಣನಿಗೆ ಸರಿಯಾಗಿ ಹೇಳೋಕೆ ಬರಲ್ಲ."

ಒಬ್ಬಾಕೆ, ಬನ್ನು ಬಿಸಿ ಇದೆಯಾ ಎಂದಳು.

ಅಣ್ಣ ಭಟ್ಟಿಗೆ ಅಡ್ಡ ನಿಂತಿದ್ದ. ಅವನು ಸರಿಯಲಿಲ್ಲ, ನಾನೂ ಸರಿಯಲಿಲ್ಲ. ಒಳಗಿನಿಂದ ಸೀದ ವಾಸನೆ ಶುರುವಾಯಿತು. ಅವನ ಮೂಗು ಅರಳಿತು. ಬೇಕಂತಲೇ ಇನ್ನೂ ಸ್ವಲ್ಪ ಹೊತ್ತು ನಿಂತೆ. ಕಡೆಗೆ ಕೈಯಲ್ಲಿದ್ದ ಮಸಿಬಟ್ಟೆಯನ್ನು ನನ್ನ ಮೇಲೆ ಎಸೆದು ಪಕ್ಕಕ್ಕೆ ಹೋದ. ನಾನು ತಟ್ಟೆಗಳನ್ನು ಹೊರಗೆಳೆದೆ.

ಅವತ್ತಿನಿಂದ ಅವನು ನನ್ನೊಡನೆ ಮಾತು ಬಿಟ್ಟಿದ್ದಾನೆ. ಬೇಕಾದ್ದನ್ನು ಅತ್ತಿಗೆಯ ಕೈಲಿ ಹೇಳಿಸುತ್ತಾನೆ. ಹೇಳಿಸಲಿ. ಇವತ್ತೂ ಮೊದಲ ಸುತ್ತಿನ ಬ್ರೆಡ್ ಇಳಿಸಿ, ಅವನ ಕಣ್ಣೆದುರೇ ಚಪ್ಪಲಿ ಮೆಟ್ಟಿಕೊಂಡು ಆಸ್ಪತ್ರೆಗೆ ಹೊರಟೆ.