ಕಡಲಿಗೆ ಬೆನ್ನು

"ತಿರುಗ್ಬೇಡಿ ಭಾವ," ಅಂದ ಲಖ್ದರ್. "ಇಳೀತಿದಾರೆ."

ಝುಬೀರ್ ತಿರುಗಿರಲಿಲ್ಲ. ಕುತ್ತಿಗೆ ತುರಿಸಿತೆಂದು ಕೆರೆದುಕೊಂಡಿದ್ದ, ಅಷ್ಟೆ. ಆದರೂ ಸಿಕ್ಕಿಬಿದ್ದ ಕಳ್ಳನಂತೆ ಕೈ ಕೆಳಗಿಳಿಸಿದ.

ಭಾವ, ಭಾವಮೈದ ಇಬ್ಬರೂ ಬಂಡೆಯ ಮೇಲೆ ಕಡಲಿಗೆ ಬೆನ್ನು ಹಾಕಿ, ರಸ್ತೆಯಿಂದ ಇಳಿದು ಬರುವ ಕಾಲುದಾರಿಯ ಕಡೆ ಮುಖ ಮಾಡಿ ಕೂತಿದ್ದರು. ಜಿಜೆಲ್ ಊರಿನಾಚೆ ಗುಡ್ಡ ಸೀದಾ ನೀರಿಗಿಳಿಯುವ ಕಡೆ, ಕಲ್ಲುಗಳ ನಡುವೆ, ಮನೆಯಂಗಳದಷ್ಟು ದೊಡ್ಡ ಕೊಲ್ಲಿ ಅದು. ಮನೆಯ ಹೆಂಗಸರು ನೀರಿಗಿಳಿದರೆ ಗಂಡಸರು ಹೀಗೆ ಕೂರಬೇಕು. ಯಾರಾದರೂ ಬಂದರೆ "ಇಲ್ಲಿ ಕುಟುಂಬ ಇದೆ ಅಣ್ಣ" ಅನ್ನಬೇಕು. ಬಂದವನು ಕ್ಷಮೆ ಕೇಳಿ ಮುಂದಿನ ಕೊಲ್ಲಿಗೆ ಹೋಗಬೇಕು. ಲಖ್ದರನ ಅಪ್ಪ ಕೂರುತ್ತಿದ್ದದ್ದೂ ಇದೇ ಬಂಡೆಯ ಮೇಲೆ.

ಝುಬೀರ್ ಕಾನ್‌ಸ್ಟಂಟೀನ್ ನಗರದ ಕಾಲೇಜಿನಲ್ಲಿ ತತ್ವಶಾಸ್ತ್ರದ ಮೇಷ್ಟ್ರು. ಹೆಂಗಸರನ್ನು ಗೋಡೆಯ ಹಿಂದೆ ಕೂರಿಸುವ ಸಮಾಜದ ಬಗ್ಗೆ ಪ್ರತಿ ವರ್ಷ ಬಾಯಿ ಒಣಗುವ ತನಕ ಪಾಠ ಮಾಡುತ್ತಿದ್ದ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಕೂರು ಎಂದ ಕೂಡಲೇ ಬಂದು ಗೋಡೆಯಾಗಿ ಕೂತಿದ್ದ.

ಅವನು ಬಂದದ್ದು ಹೆಂಡತಿಯನ್ನು ಕರೆದುಕೊಂಡು ಹೋಗುವುದಕ್ಕೆ. ಹಬ್ಬಕ್ಕೆಂದು ತಾಯಿಯ ಮನೆಗೆ ಹೋದ ಹಸೀಬಾ ವಾಪಸು ಬಂದಿರಲಿಲ್ಲ. ಹೊಡೆತವಿಲ್ಲ, ಬೈಗುಳವಿಲ್ಲ, ಇನ್ನೊಬ್ಬಳ ಮಾತಂತೂ ಇಲ್ಲವೇ ಇಲ್ಲ. "ಅಂಥದ್ದೇನಾಯ್ತು ಅಂತ ಹೋಗಿ ಕೂತಿದೀಯ?" ಎಂದು ಫೋನಿನಲ್ಲಿ ಕೇಳಿದರೆ, "ಏನೂ ಆಗ್ಲಿಲ್ಲ. ಏಳು ವರ್ಷದಿಂದ ಏನೂ ಆಗ್ಲಿಲ್ಲ" ಅಂದಿದ್ದಳು. ಅವನಿಗೆ ಕೆಟ್ಟ ಸಿಟ್ಟು ಬಂದಿತ್ತು. ಏನೂ ಆಗದ ಮನೆಯೇ ಒಳ್ಳೆಯ ಮನೆ ಎಂದು ಅವನು ನಂಬಿಕೊಂಡಿದ್ದ.

ಬೆಳಿಗ್ಗೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ್ದ.

"ಬರ್ತೀಯೋ ಇಲ್ವೋ, ಒಂದು ಹೇಳಿಬಿಡು. ಸಂಜೆ ಬಸ್ಸಿದೆ."

ಹಸೀಬಾ ಊಟದ ಬುತ್ತಿಗೆ ಮೆಣಸಿನಕಾಯಿ ಸುಡುತ್ತಿದ್ದಳು. "ಕಡಲ ಹತ್ರ ಹೇಳ್ತೀನಿ."

"ಇಲ್ಲೇ ಹೇಳಿದ್ರೆ ಏನು ಗಂಟು ಹೋಗತ್ತೆ?"

"ಇಲ್ಲಿ ನನಗೆ ಬಾಯಿ ಬರಲ್ಲ."

ಈಗ ಬೆನ್ನ ಹಿಂದೆ ನೀರು ಸಿಡಿಯಿತು. ಲಖ್ದರನ ಹೆಂಡತಿ ಉರೀದಾ ಕಿರುಚಿದಳು, ಅವಳ ತಂಗಿ ಬೈದಳು, ಅತ್ತೆ ಝುಲೀಖಾ "ಆಳಕ್ಕೆ ಹೋಗ್ಬೇಡ್ರೇ" ಎಂದು ದಡದಿಂದ ಕೂಗಿದಳು. ಇವೆಲ್ಲದರ ನಡುವೆ ಇನ್ನೊಂದು ನಗು ಕೇಳಿಸಿತು. ಹೊಟ್ಟೆಯಿಂದ ಎದ್ದು ಬಂದ ನಗು. ಯಾರದಿರಬಹುದೆಂದು ಝುಬೀರ್ ಸ್ವಲ್ಪ ಹೊತ್ತು ಯೋಚಿಸಿದ. ಹಸೀಬಾಳದು. ಅವಳಿಗೆ ಹೀಗೆ ನಗಲು ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಮೇಲಿನ ಕಾಡಿನಿಂದ ಕೋತಿಯೊಂದು ಇಳಿದು ಬಂದು, ಪಕ್ಕದ ಬಂಡೆಯ ಮೇಲೆ ಕೂತು, ಆರಾಮಾಗಿ ಕಡಲು ನೋಡತೊಡಗಿತು.

"ಥೂ, ಮಾನಗೆಟ್ಟದ್ದೇ!" ಲಖ್ದರ್ ಕಲ್ಲು ಬೀಸಿದ. "ನಿನಗೆ ಅಕ್ಕತಂಗೀರಿಲ್ವೇನೋ?"

ಕೋತಿ ಜಾಗ ಬದಲಿಸಿ ಮತ್ತೆ ಕಡಲಿನತ್ತಲೇ ನೋಡುತ್ತ ಕೂತಿತು. ಝುಬೀರನಿಗೆ ಅದರ ಮೇಲೆ ಹೊಟ್ಟೆಕಿಚ್ಚಾಯಿತು.

ಆಗ ಅವಳು ಕರೆದಳು.

"ಝುಬೀರ್!"

ಅವಳು ತನ್ನ ಮನೆಯವರೆದುರು ಎಂದೂ ಅವನ ಹೆಸರು ಹಿಡಿದು ಕರೆದವಳಲ್ಲ. ಏನಿದ್ದರೂ "ಕೇಳಿದ್ರಾ" ಅನ್ನುತ್ತಿದ್ದಳು. ದನಿ ಉಳಿದವರಿಂದ ದೂರ, ಒಂಟಿಯಾಗಿ ಬಂತು.

"ಝುಬೀರ್! ಬಾ ಇಲ್ಲಿ! ಇಲ್ಲೇ ಹೇಳ್ತೀನಿ!"

"ಅಯ್ಯೋ, ಸುಮ್ನಿರೇ ಹುಚ್ಚಿ," ಎಂದು ಉರೀದಾ ನಕ್ಕಳು.

ಝುಬೀರ್ ಲಖ್ದರನ ಮುಖ ನೋಡಿದ. ಲಖ್ದರ್ ಚಪ್ಪಲಿಯ ಮರಳು ಕೊಡವುತ್ತಿದ್ದ. "ತಮಾಷೆ ಮಾಡ್ತಾಳೆ," ಅಂದ, ಯಾರಿಗೂ ಅಲ್ಲದಂತೆ.

ಅಲ್ಲಿ ಲಖ್ದರನ ಹೆಂಡತಿಯೂ ಇದ್ದಾಳೆ, ಅವಳ ತಂಗಿಯಿದ್ದಾಳೆ, ತಿರುಗುವುದು ಹೇಗೆ? ಕಾರಣ ಸಿಕ್ಕಿತು. ಸಿಕ್ಕಿದ್ದಕ್ಕೆ ಸಮಾಧಾನವಾಯಿತು. ಸಮಾಧಾನವಾದದ್ದಕ್ಕೆ ನಾಚಿಕೆಯಾಯಿತು. ತಿರುಗದೆಯೇ ಒಂದು ಕೈ ಮೇಲೆತ್ತಿ ಆಡಿಸಿದ. ಆಮೇಲೆ ಬರುತ್ತೇನೆ ಅಂತಲೋ, ಕೇಳಿಸಿತು ಅಂತಲೋ, ಅವನಿಗೇ ಸ್ಪಷ್ಟವಿರಲಿಲ್ಲ.

ಅವಳು ಮತ್ತೆ ಕರೆಯಲಿಲ್ಲ. ನಗುವೂ ಕೇಳಿಸಲಿಲ್ಲ.

"ಇದ್ದಿಲು ಕಾರಲ್ಲೇ ಉಳೀತು," ಎನ್ನುತ್ತ ಲಖ್ದರ್ ಎದ್ದ. "ತಂದ್ಬಿಡ್ತೀನಿ. ನೋಡ್ಕೋತಿರಿ."

ಲಖ್ದರ್ ಗುಡ್ಡ ಹತ್ತಿ ಮರೆಯಾದ. ಅವನ ಜೊತೆ ಕಾರಣವೂ ಹೋಯಿತು. ಈಗ ತಿರುಗಿದರೆ ಕೇಳುವವರಿಲ್ಲ. ಉರೀದಾ ಚೀರಿಯಾಳು, ಅತ್ತೆ ಎರಡು ಬೈದಾಳು, ಸಂಜೆಗೆ ಅದೇ ಒಂದು ನಗೆಮಾತು. ಇಷ್ಟೆಲ್ಲ ಲೆಕ್ಕ ಹಾಕುತ್ತ ಅವನು ಎದುರಿನ ಬಂಡೆಯ ಬಿರುಕಿನಲ್ಲಿ ಸಾಲುಹೋಗುತ್ತಿದ್ದ ಇರುವೆಗಳನ್ನು ನೋಡುತ್ತಿದ್ದ.

ಕಾಲುದಾರಿಯಲ್ಲಿ ಗಾಳದ ಕೋಲು ಹಿಡಿದ ಯುವಕನೊಬ್ಬ ಇಳಿದು ಬಂದ.

"ಇಲ್ಲಿ ಕುಟುಂಬ ಇದೆ ಅಣ್ಣ," ಅಂದ ಝುಬೀರ್. ಹುಟ್ಟಿದಾಗಿನಿಂದ ಹೇಳಿಕೊಂಡು ಬಂದವನ ಹಾಗೆ ಮಾತು ಹೊರಬಿತ್ತು.

"ಕ್ಷಮಿಸಿ, ಗೊತ್ತಾಗ್ಲಿಲ್ಲ." ಯುವಕ ತಿರುಗುವ ಮುನ್ನ ಅವನ ಕಣ್ಣು ಒಂದು ಗಳಿಗೆ ಝುಬೀರನ ಹೆಗಲ ಮೇಲಿಂದ ಕಡಲಿಗೆ ಹೋಗಿ ಬಂತು.

ಝುಬೀರ್ ಅವನ ತೋಳು ಹಿಡಿದ. "ಏನು ಕಾಣ್ತು?"

"ಏನೂ ಇಲ್ಲಣ್ಣ."

"ನಿಜ ಹೇಳು. ಒಬ್ಬಳು ದೂರ ಇದಾಳಲ್ಲ, ಅವಳು ಈ ಕಡೆ ನೋಡ್ತಿದಾಳಾ? ಅವಳ ಮುಖ ಹೇಗಿದೆ?"

ಯುವಕ ಬೆಪ್ಪಾದ. "ದೇವರಾಣೆಗೂ ನಾನು ಏನೂ ನೋಡಿಲ್ಲ. ನಾನೂ ಅಕ್ಕತಂಗೀರ ಜೊತೆ ಬೆಳೆದವನು."

"ನಾನು ಅವಳ ಗಂಡ ಕಣಯ್ಯ!"

"ಮತ್ತೆ ನೀವೇ ನೋಡ್ಬಹುದಲ್ಲ!" ಯುವಕ ತೋಳು ಬಿಡಿಸಿಕೊಂಡು ಬಿರಬಿರನೆ ಹತ್ತಿದ. ಮೇಲೆ ಹೋಗಿ ಒಮ್ಮೆ ಹಿಂದಿರುಗಿ ನೋಡಿದ.

ಝುಬೀರ್ ನೋಡಲಿಲ್ಲ. ಲಖ್ದರ್ ಇದ್ದಿಲಿನ ಚೀಲ ಹೊತ್ತು ಬಂದ. ಬಹಳ ಹೊತ್ತಿನ ಮೇಲೆ ಅತ್ತೆ, "ಏಳ್ರಪ್ಪಾ, ಆಯ್ತು" ಎಂದು ಕೂಗಿದಳು.

ತಿರುಗಿದಾಗ ಹೆಂಗಸರೆಲ್ಲ ಒಣಬಟ್ಟೆ ಉಟ್ಟು ಕೂತಿದ್ದರು. ನೀರಿನಲ್ಲಿ ತಂಪಿಗೆ ಇಟ್ಟಿದ್ದ ಕಲ್ಲಂಗಡಿಯನ್ನು ಹಸೀಬಾ ಕೊಯ್ಯುತ್ತಿದ್ದಳು. ಮೊದಲ ಹೋಳು ಅವನಿಗೇ ಕೊಟ್ಟಳು, ಮನೆಗೆ ಬಂದ ನೆಂಟರಿಗೆ ಕೊಟ್ಟ ಹಾಗೆ.

"ಏನೋ ಹೇಳ್ತೀನಿ ಅಂದಿದ್ಯಲ್ಲ," ಅಂದ ತಗ್ಗಿದ ದನಿಯಲ್ಲಿ.

"ಕರೆದೆನಲ್ಲ."

"ಲಖ್ದರ್ ಇದ್ದ."

"ಲಖ್ದರ್ ಮೇಲೆ ಹೋದ. ನಾನು ನೋಡ್ತಾನೇ ಇದ್ದೆ."

"ಸರಿ, ಈಗ ಹೇಳು."

"ತಿನ್ನಿ," ಅಂದಳು ಹಸೀಬಾ. "ಇನ್ನೂ ತಣ್ಣಗಿದೆ."

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದುಕೊಂಡ.

ಊಟವಾದ ಮೇಲೆ ಗಂಡಸರ ಸರದಿ. ಲಖ್ದರ್ ಬಂಡೆಯಿಂದ ಹಾರಿದ. ಝುಬೀರ್ ಕಲ್ಲು ಹಿಡಿದು ಮೆಲ್ಲಗೆ ಇಳಿದು, ಹಟಕ್ಕೆ ಬಿದ್ದವನಂತೆ ಈಜಿದ. ಅವಳು ನಿಂತು ಕರೆದಿರಬಹುದಾದಷ್ಟು ದೂರ ಬಂದೆ ಅನ್ನಿಸಿದಾಗ ದಡದ ಕಡೆ ತಿರುಗಿದ. ಇಲ್ಲಿಂದಲೇ ಕೇಳಿಬಿಡುತ್ತೇನೆ, ಎಲ್ಲರ ಎದುರಿಗೇ, ಎಂದು ಉಸಿರು ಎಳೆದುಕೊಂಡ.

ಹೆಂಗಸರು ಬಂಡೆಯ ಮೇಲೆ ಕಡಲಿಗೆ ಬೆನ್ನು ಹಾಕಿ ಸಾಲಾಗಿ ಕೂತಿದ್ದರು. ಹಬ್ಬಕ್ಕೆಂದು ಒಂದೇ ಥಾನಿನಿಂದ ಹೊಲಿಸಿದ ನಾಲ್ಕು ನೀಲಿ ನಿಲುವಂಗಿಗಳು, ಒದ್ದೆ ತಲೆಗೆ ಸುತ್ತಿದ ನಾಲ್ಕು ಬಿಳಿ ಬಟ್ಟೆಗಳು. ಇದರಲ್ಲಿ ಹಸೀಬಾ ಯಾರು? ಎಡಗಡೆಯವಳ ಹೆಗಲು ಅವಳದೇ ಅನ್ನಿಸಿತು. ಬಲಗಡೆಯವಳದೂ ಹಾಗೇ ಅನ್ನಿಸಿತು. ಏಳು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ್ದವನಿಗೆ ಹೆಂಡತಿಯ ಬೆನ್ನು ಗುರುತು ಸಿಗಲಿಲ್ಲ.

"ಹಸೀಬಾ!"

ಬಾಯಿಗೆ ಉಪ್ಪುನೀರು ಹೊಕ್ಕಿತು. ಉಗುಳಿ ಮತ್ತೆ ಕೂಗಿದ. ಬಂಡೆಯ ಮೇಲೆ ಯಾರೂ ಮಿಸುಕಲಿಲ್ಲ. ಕೊನೆಗೆ ಒಬ್ಬಳು ತಿರುಗಿದಳು. ಅತ್ತೆ.

"ಏನಪ್ಪಾ?" ಎಂದು ಕಿವಿಗೆ ಕೈ ಇಟ್ಟು ಕೇಳಿದಳು. "ನೀರು ತಣ್ಣಗಿದೆಯಾ?"

"ಇದೆ," ಅಂದ ಝುಬೀರ್.

ಅವಳು ತಲೆಯಾಡಿಸಿ ಮತ್ತೆ ತಿರುಗಿ ಕೂತಳು. ಸ್ವಲ್ಪ ಹೊತ್ತಿಗೆ ಅವಳ ಬೆನ್ನು ಯಾವುದೆಂಬುದೂ ತಿಳಿಯದಾಯಿತು.